ಅಪರಾಧಶಾಸ್ತ್ರವನ್ನು ಓದುವುದಾದರೆ ಸಾಮಾಜಿಕ ನೀತಿಯನ್ನೂ ಜೊತೆಗೆ ಓದಬೇಕೆ? ಮಂಡ್ಯದಿಂದ ಒಂದು ಪ್ರಶ್ನೆ

ಮದ್ದೂರಿನ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಸಮಾಜಶಾಸ್ತ್ರ ಮತ್ತು ಇತಿಹಾಸ ತೆಗೆದುಕೊಂಡು ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಮುಂದೆ ಅಪರಾಧಶಾಸ್ತ್ರ ಓದಬೇಕೆಂಬ ಆಸೆ ಬಹಳ ದಿನಗಳಿಂದ ಇದೆ. ಮನೆಯಲ್ಲಿ ವಿರೋಧವಿಲ್ಲ. ಆದರೆ ಕಬ್ಬು ಬೆಳೆದು ಬದುಕು ಸಾಗಿಸುತ್ತಿರುವ ಅಪ್ಪನಿಗೆ, ಅಪರಾಧದ ವಿಷಯವೇ ಬೇಕೆಂದಿದ್ದರೆ ವಿಧಿವಿಜ್ಞಾನ ಓದಿ ಪ್ರಯೋಗಾಲಯದಲ್ಲಿ ಕೆಲಸ ಹಿಡಿಯಲಿ ಎಂಬ ಎಣಿಕೆ. ವಿಜ್ಞಾನ ಓದಿಲ್ಲದ ನನಗೆ ಆ ದಾರಿ ಸುಲಭವಲ್ಲ ಎನ್ನುವುದು ಒಂದು ಮಾತಾದರೆ, ನನ್ನ ಮನಸ್ಸಿನಲ್ಲಿರುವ ಪ್ರಶ್ನೆಗೆ ಪ್ರಯೋಗಾಲಯದಲ್ಲಿ ಉತ್ತರ ಸಿಗುವುದಿಲ್ಲ ಎನ್ನುವುದು ಇನ್ನೊಂದು.

ಆ ಪ್ರಶ್ನೆ ಹುಟ್ಟಿದ್ದು 2023ರ ಕೊನೆಯಲ್ಲಿ. ನಮ್ಮ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುತ್ತಿದ್ದರೆಂಬ ಸುದ್ದಿ ಬಂದಾಗ ನಮ್ಮ ಊರಿನಲ್ಲಿ ಎರಡು ದಿನ ಬೇರೆ ಮಾತೇ ಇರಲಿಲ್ಲ. ಚಿಕ್ಕವರಿದ್ದಾಗ ಬಿಸಿ ಬೆಲ್ಲ ತಿನ್ನಲು ಓಡಿಹೋಗುತ್ತಿದ್ದ ಜಾಗ ಅದು. ಯಾರನ್ನು ಬಂಧಿಸಿದರು, ಯಾರು ತಪ್ಪಿಸಿಕೊಂಡರು ಎಂಬ ಚರ್ಚೆ ನಡೆಯಿತು. ಅಲ್ಲಿಗೆ ಹೋದ ಹೆಣ್ಣುಮಕ್ಕಳು ಏಕೆ ಹೋದರು, ಅವರನ್ನು ಯಾರು ಕರೆದುಕೊಂಡು ಹೋದರು, ಹೋಗದಿದ್ದರೆ ಅವರ ಪಾಡು ಏನಾಗುತ್ತಿತ್ತು ಎಂದು ಕೇಳಿದವರು ಕಡಿಮೆ. ಇದನ್ನು ನಿಷೇಧಿಸುವ ಕಾನೂನು ಬಂದು ಸುಮಾರು ಮೂವತ್ತು ವರ್ಷವಾದ ಮೇಲೂ ಇದು ನಡೆದಿದೆ ಎಂದರೆ, ತಪ್ಪಿತಸ್ಥರನ್ನು ಹಿಡಿಯುವುದರ ಆಚೆಗೆ ಸರ್ಕಾರ ಮಾಡಬೇಕಾಗಿದ್ದ ಇನ್ನೇನೋ ಇತ್ತು ಎಂದು ನನಗೆ ಅನ್ನಿಸಿತು. ಬ್ರಿಟನ್ನಿನ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಅಪರಾಧಶಾಸ್ತ್ರ ಮತ್ತು ಸಾಮಾಜಿಕ ನೀತಿ (ಅಂದರೆ ಜನರ ಕಲ್ಯಾಣಕ್ಕಾಗಿ ಸರ್ಕಾರ ಮಾಡುವ ಕಾನೂನು, ಯೋಜನೆಗಳ ಅಧ್ಯಯನ) ಎರಡನ್ನೂ ಸೇರಿಸಿ ಒಂದೇ ಪದವಿಯಾಗಿ ಕಲಿಸುತ್ತಾರೆಂದು ಓದಿದಾಗ, ನಾನು ಹುಡುಕುತ್ತಿದ್ದುದು ಇದನ್ನೇ ಎನ್ನಿಸಿತು. ಇಲ್ಲಿ, ಮೈಸೂರಿನಲ್ಲಿ, ಹಾಗೆ ಓದಲು ಸಾಧ್ಯವೇ? ಓದಿದವರು, ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವವರು ದಯವಿಟ್ಟು ತಿಳಿಸಿ.

ಗಂಗೋತ್ರಿಯ ಹಳೆಯ ಮೇಷ್ಟ್ರು:

ಪ್ರಶ್ನೆಯನ್ನು ಸರಿಯಾದ ಕಡೆಯಿಂದ ಹಿಡಿದಿದ್ದೀರಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ಅಧ್ಯಯನ ವಿಭಾಗ ಇರುವುದು ಮಹಾರಾಜ ಕಾಲೇಜಿನಲ್ಲಿ. ಸಮಾಜಶಾಸ್ತ್ರ ಮತ್ತು ಸಮಾಜಕಾರ್ಯ ವಿಭಾಗಗಳು ಮಾನಸಗಂಗೋತ್ರಿಯಲ್ಲಿವೆ. ನಡುವಿನ ದೂರ ಹೆಚ್ಚಿಲ್ಲ, ಆದರೂ ಆ ಕಡೆಯ ವಿದ್ಯಾರ್ಥಿ ಈ ಕಡೆಗೆ ಬಂದು ಕುಳಿತು ಪಾಠ ಕೇಳಿದ್ದನ್ನು ನನ್ನ ಸೇವಾವಧಿಯಲ್ಲಿ ಕಂಡದ್ದು ಬಹಳ ಅಪರೂಪ. ಸಾಮಾಜಿಕ ನೀತಿ ಎಂಬ ಹೆಸರಿನ ಪತ್ರಿಕೆ ಸಮಾಜಕಾರ್ಯದವರಿಗೆ ಸಿಗುತ್ತದೆ, ಅಪರಾಧದ ಸಿದ್ಧಾಂತಗಳು ಅಪರಾಧಶಾಸ್ತ್ರದವರಿಗೆ ಸಿಗುತ್ತವೆ. ಎರಡನ್ನೂ ಬೆಸೆಯುವ ಕೆಲಸ ವಿದ್ಯಾರ್ಥಿಯ ಪಾಲಿಗೆ ಉಳಿದಿದೆ.

ಬೆಸೆಯಬೇಕಾದ ಅಗತ್ಯ ಏಕೆ ಎಂಬುದಕ್ಕೆ ಅಪರಾಧಶಾಸ್ತ್ರದ ಚರಿತ್ರೆಯೇ ಸಾಕ್ಷಿ. 1764ರಲ್ಲಿ ಇಟಲಿಯ ಬೆಕಾರಿಯಾ, ಶಿಕ್ಷೆ ಕ್ರೂರವಾಗಿದ್ದರೆ ಅಪರಾಧ ನಿಲ್ಲುವುದಿಲ್ಲ, ಶಿಕ್ಷೆ ಖಚಿತವಾಗಿದ್ದರೆ ನಿಲ್ಲುತ್ತದೆ ಎಂದು ವಾದಿಸಿದರು. ಅವರದೇ ನಾಡಿನ ಲೊಂಬ್ರೋಸೊ 1876ರಲ್ಲಿ, ಅಪರಾಧಿ ಹುಟ್ಟಿನಿಂದಲೇ ಬೇರೆ ಬಗೆಯ ಮನುಷ್ಯ, ತಲೆಬುರುಡೆ ಮತ್ತು ದವಡೆಯಲ್ಲಿ ಅವನ ಗುರುತು ಇದೆ ಎಂದು ಹೇಳಿದರು. ಆ ವಾದ ತಪ್ಪೆಂದು ನಂತರದವರು ತೋರಿಸಿದರು. ಆದರೆ ನಮ್ಮ ದೇಶದಲ್ಲಿ ಬ್ರಿಟಿಷ್ ಸರ್ಕಾರ ಲೊಂಬ್ರೋಸೊಗಿಂತಲೂ ಮೊದಲೇ, 1871ರಲ್ಲಿ, ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದು, ಒಂದು ಸಮುದಾಯದಲ್ಲಿ ಹುಟ್ಟಿದ ಕಾರಣಕ್ಕೇ ಮನುಷ್ಯನನ್ನು ಅಪರಾಧಿಯೆಂದು ದಾಖಲಿಸುವ, ಊರು ಬಿಡಬೇಕಾದರೆ ಅಪ್ಪಣೆ ಪಡೆಯಬೇಕಾದ ವ್ಯವಸ್ಥೆಯನ್ನು ಕಟ್ಟಿತ್ತು. ಅದು ರದ್ದಾದದ್ದು 1952ರಲ್ಲಿ. ರದ್ದಾದ ಮೇಲೂ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ಠಾಣೆಗಳ ಪಟ್ಟಿಗಳಲ್ಲಿ ಅದೇ ಸಮುದಾಯಗಳ ಹೆಸರುಗಳು ಉಳಿದವು. ಜಾತಿಯ ಆಧಾರದಲ್ಲಿ ಕೈದಿಗಳಿಗೆ ಕೆಲಸ ಹಂಚುವ ಕಾರಾಗೃಹ ನಿಯಮಗಳು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಅಕ್ಟೋಬರ್‌ನಲ್ಲಿ. ಅಪರಾಧದ ಬಗೆಗಿನ ಒಂದು ಕೆಟ್ಟ ಸಿದ್ಧಾಂತ ಕೆಟ್ಟ ನೀತಿಯಾಗಿ ಒಂದೂವರೆ ಶತಮಾನ ಬದುಕಿದ್ದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ಸಾಮಾಜಿಕ ನೀತಿ. ಇದು ವಿಲಾಯಿತಿಯ ವಿಷಯವೆಂದು ನಮ್ಮ ಹುಡುಗರು ತಿಳಿಯುತ್ತಾರೆ. ವಿಶ್ವವಿದ್ಯಾನಿಲಯದ ಒಂದು ಶಿಸ್ತಾಗಿ ಅದು ಬೆಳೆದದ್ದು ಬ್ರಿಟನ್ನಿನಲ್ಲಿ ಎಂಬುದು ನಿಜ. ಸಾಮಾಜಿಕ ವಿಮೆಯ ಬಗೆಗಿನ 1942ರ ಬೆವರಿಜ್ ವರದಿಯ ನಂತರ ಕಲ್ಯಾಣ ರಾಜ್ಯ ರೂಪುಗೊಂಡಿತು, 1950ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ರಿಚರ್ಡ್ ಟಿಟ್ಮಸ್ ಈ ವಿಷಯದ ಪ್ರಾಧ್ಯಾಪಕರಾದರು. ಆದರೆ ಮೈಸೂರು ಸಂಸ್ಥಾನ 1909ರಲ್ಲೇ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತ್ತು. ಹಿಂದುಳಿದವರ ಪ್ರಾತಿನಿಧ್ಯದ ಬಗ್ಗೆ ಮಿಲ್ಲರ್ ಸಮಿತಿಯನ್ನು 1918ರಲ್ಲಿ ನೇಮಿಸಿತ್ತು. ಸರ್ಕಾರದ ವತಿಯಿಂದಲೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು 1930ರಲ್ಲಿ ತೆರೆದಿತ್ತು. ಹುಣಸೂರು ತಾಲ್ಲೂಕಿನಿಂದ ಬಂದ ದೇವರಾಜ ಅರಸರ ಕಾಲದ ಭೂಸುಧಾರಣೆ, ಹಿಂದುಳಿದ ವರ್ಗಗಳ ಬಗೆಗಿನ ಹಾವನೂರು ಆಯೋಗ ಇವೆಲ್ಲ ಸಾಮಾಜಿಕ ನೀತಿಯ ಪಾಠಗಳೇ. ನಿಮ್ಮ ಅಪ್ಪನ ಹೊಲದ ಪಹಣಿಯ ಹಿಂದೆಯೂ ಒಂದು ಸಾಮಾಜಿಕ ನೀತಿಯ ಚರಿತ್ರೆ ಇರಬಹುದು. ವಿಚಾರಿಸಿ ನೋಡಿ.

ನಿವೃತ್ತ ಎ.ಎಸ್.ಐ.:

ನಾನು ಮಂಡ್ಯ ಮತ್ತು ಮೈಸೂರು ಜಿಲ್ಲೆಗಳ ಠಾಣೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿದವನು. ಮೇಷ್ಟ್ರ ಮಾತಿಗೆ ಗೌರವವಿಟ್ಟೇ ಒಂದು ಆಕ್ಷೇಪವನ್ನು ಮುಂದಿಡುತ್ತೇನೆ. ಅಪರಾಧದ ಹಿಂದೆ ಬಡತನವಿದೆ, ಸಮಾಜವಿದೆ, ನೀತಿಯ ಲೋಪವಿದೆ ಎಂದು ಹೇಳುತ್ತಾ ಹೋದರೆ ಹೊಡೆತ ತಿಂದವನನ್ನು ನೋಡುವವರು ಯಾರು? ಒಂಟಿ ಮುದುಕಿಯ ಕೊರಳಿನ ಸರ ಕಿತ್ತವನ ಮನೆಯ ಕಷ್ಟವನ್ನು ಕೇಳುವ ಮೊದಲು ಆ ಮುದುಕಿಯ ಮನೆಯ ಕಷ್ಟವನ್ನು ಕೇಳಬೇಕು. ಅದೇ ಬೀದಿಯಲ್ಲಿ ಅದೇ ಬಡತನದಲ್ಲಿ ಬೆಳೆದ ಹತ್ತು ಹುಡುಗರಲ್ಲಿ ಒಂಬತ್ತು ಜನ ಕದಿಯುವುದಿಲ್ಲ. ಓದುವ ಮಕ್ಕಳಿಗೆ ಈ ಒಂಬತ್ತು ಜನರ ಬಗ್ಗೆಯೂ ಕಲಿಸಬೇಕು.

ಗಂಗೋತ್ರಿಯ ಹಳೆಯ ಮೇಷ್ಟ್ರು:

ನಿಮ್ಮ ಎರಡು ಮಾತುಗಳೂ ಈ ಶಾಸ್ತ್ರದ ಒಳಗೇ ಇವೆ. ಸಂತ್ರಸ್ತರ ಅಧ್ಯಯನ ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಪ್ರತ್ಯೇಕ ಶಾಖೆಯಾಗಿ ಬೆಳೆಯಿತು, ಈಗ ಅದಿಲ್ಲದ ಪಠ್ಯಕ್ರಮವೇ ಇಲ್ಲ. ಆ ಒಂಬತ್ತು ಹುಡುಗರು ಏಕೆ ಕದಿಯುವುದಿಲ್ಲ ಎಂಬುದು 1960ರ ದಶಕದಲ್ಲಿ ಬಲಗೊಂಡ ಸಾಮಾಜಿಕ ನಿಯಂತ್ರಣ ಸಿದ್ಧಾಂತದ ಮೂಲ ಪ್ರಶ್ನೆ. ಬಡತನವೊಂದೇ ಕಾರಣವಲ್ಲ ಎಂದು ಎಡ್ವಿನ್ ಸದರ್‌ಲ್ಯಾಂಡ್ 1939ರಲ್ಲೇ ಹೇಳಿದ್ದರು. ದೊಡ್ಡ ಕಂಪನಿಗಳಲ್ಲಿ ಗೌರವಸ್ಥರು ಮಾಡುವ ವಂಚನೆಗೆ ಬಿಳಿ ಕಾಲರಿನ ಅಪರಾಧವೆಂದು ಹೆಸರಿಟ್ಟವರು ಅವರೇ. ಆಲೆಮನೆಯ ಪ್ರಕರಣದಲ್ಲೂ ಯಂತ್ರ ಕೊಂಡವರು, ಅದನ್ನು ನಡೆಸಿದವರು, ಹಣ ಕೊಟ್ಟವರು ಹಸಿದವರಾಗಿರಲಿಲ್ಲ.

ಪಾಂಡವಪುರದ ವಕೀಲ:

ವಿದ್ಯಾರ್ಥಿನಿ ಎತ್ತಿದ ಉದಾಹರಣೆಯನ್ನೇ ಕಾನೂನಿನ ಕಡೆಯಿಂದ ಸ್ವಲ್ಪ ಬಿಡಿಸುತ್ತೇನೆ. ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ಓದಿದವರಿಗೆ ಏನು ಕಾಣುವುದಿಲ್ಲ ಎಂಬುದು ಇಲ್ಲಿ ಚೆನ್ನಾಗಿ ತಿಳಿಯುತ್ತದೆ.

ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ 1994ರದು, 2003ರಲ್ಲಿ ಅದು ಬಿಗಿಯಾಯಿತು. ಅಪರಾಧ ಜಾಮೀನಿಗೆ ಅರ್ಹವಲ್ಲ, ರಾಜಿಗೆ ಅವಕಾಶವಿಲ್ಲ. ಮೊದಲ ಸಲ ಸಿಕ್ಕಿಬಿದ್ದ ವೈದ್ಯರಿಗೆ 3 ವರ್ಷದವರೆಗೆ ಸೆರೆವಾಸ, 10,000 ರೂಪಾಯಿವರೆಗೆ ದಂಡ. ಎರಡನೇ ಸಲಕ್ಕೆ 5 ವರ್ಷ, 50,000 ರೂಪಾಯಿ. ಗರ್ಭಿಣಿಯನ್ನು ಗಂಡ ಅಥವಾ ಬಂಧುಗಳು ಒತ್ತಾಯಿಸಿ ಕರೆತಂದರೆಂದು ನ್ಯಾಯಾಲಯ ಮೊದಲು ಭಾವಿಸಬೇಕು ಎಂಬ ಕಲಮು ಇದೆ. ಅದನ್ನು ಬರೆದವರಿಗೆ ನಮ್ಮ ಮನೆಗಳ ಒಳಗು ಗೊತ್ತಿತ್ತು. ಆದರೆ 28ನೇ ಕಲಮಿನ ಪ್ರಕಾರ ನ್ಯಾಯಾಲಯ ಪ್ರಕರಣವನ್ನು ಪರಿಗಣಿಸಬೇಕಾದರೆ ಈ ಕಾಯ್ದೆಯ ಜಾರಿಗೆಂದು ನೇಮಕವಾದ ಸಕ್ಷಮ ಪ್ರಾಧಿಕಾರವೋ ಅದು ನೇಮಿಸಿದ ಅಧಿಕಾರಿಯೋ ದೂರು ಕೊಡಬೇಕು, ಇಲ್ಲವೇ ಆ ಪ್ರಾಧಿಕಾರಕ್ಕೆ 15 ದಿನಗಳ ಸೂಚನೆ ಕೊಟ್ಟ ವ್ಯಕ್ತಿ ಕೊಡಬೇಕು. ಗರ್ಭಿಣಿಯೂ ದೂರುವುದಿಲ್ಲ, ಮನೆಯವರೂ ದೂರುವುದಿಲ್ಲ, ವೈದ್ಯರೂ ದೂರುವುದಿಲ್ಲ. ದೂರುವವರೇ ಇಲ್ಲದ ಅಪರಾಧವನ್ನು ದೂರಿನ ಮೇಲೆ ನಿಲ್ಲಿಸಲಾಗಿದೆ. ಬೆಕಾರಿಯಾ ಹೇಳಿದ ಖಚಿತತೆ ಇಲ್ಲಿಯೇ ಸೋರಿಹೋಗುತ್ತದೆ, ಶಿಕ್ಷೆಯ ಪ್ರಮಾಣ ಹೆಚ್ಚಿಸಿದರೂ ತೂತು ಮುಚ್ಚುವುದಿಲ್ಲ.

ನೀತಿಯ ಕಡೆಯಿಂದ ನೋಡಿ. ಅದೇ 1994ರಲ್ಲಿ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿ ಜಾರಿಗೆ ಬಂತು. ದೇಶದಾದ್ಯಂತ ಅದು ಬಂದದ್ದು 2005ರಲ್ಲಿ. 2006-07ರಲ್ಲಿ ಭಾಗ್ಯಲಕ್ಷ್ಮಿ ಯೋಜನೆ ಬಂತು, ಅದು ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ಹೆಣ್ಣುಮಕ್ಕಳಿಗೆ. ಗುಟ್ಟಾಗಿ ಸ್ಕ್ಯಾನಿಂಗ್ ಮಾಡಿಸಲು ಸಾವಿರಾರು ರೂಪಾಯಿ ತೆಗೆದಿಡಬಲ್ಲ, ಎರಡು ಎಕರೆ ನೀರಾವರಿ ಜಮೀನು ಹೋಳಾಗುತ್ತದೆಂದು ಹೆದರುವ ಕುಟುಂಬ ಈ ಯೋಜನೆಯ ಕಣ್ಣಿಗೆ ಬೀಳುವುದೇ ಇಲ್ಲ. ಮಗ ಬೇಕೆನ್ನುವುದರ ಹಿಂದೆ ಮುಪ್ಪಿನಲ್ಲಿ ನೋಡಿಕೊಳ್ಳುವವರು ಯಾರೆಂಬ ಭಯವೂ ಇದೆ. ಹಾಗಿದ್ದರೆ ವೃದ್ಧಾಪ್ಯ ವೇತನ ಎಷ್ಟಿರಬೇಕು, ಅದು ಯಾರಿಗೆ ತಲುಪಬೇಕು ಎಂಬ ಪ್ರಶ್ನೆಯೂ ಭ್ರೂಣಹತ್ಯೆ ತಡೆಯುವ ಪ್ರಶ್ನೆಯಾಗುತ್ತದೆ. ಇಷ್ಟನ್ನೂ ಒಟ್ಟಿಗೆ ಕೇಳಬಲ್ಲವರು ನನ್ನ ವೃತ್ತಿಯಲ್ಲಿ ಕಡಿಮೆ. ನಮಗೆ ಕಲಮು ಗೊತ್ತು, ಜಮೀನಿನ ಭಯ ಗೊತ್ತಿದ್ದರೂ ಅದನ್ನು ವಾದದಲ್ಲಿ ಎಲ್ಲಿಡಬೇಕೆಂದು ಗೊತ್ತಿಲ್ಲ.

ಮಕ್ಕಳ ರಕ್ಷಣಾ ಕೆಲಸದವಳು:

ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವವರನ್ನೂ ಕೇಳಿದ್ದೀರಾದ್ದರಿಂದ ಬರೆಯುತ್ತಿದ್ದೇನೆ. ನಾನು ಮೈಸೂರಿನಲ್ಲಿ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿ, ಕಾನೂನಿನೊಡನೆ ಸಂಘರ್ಷಕ್ಕೆ ಒಳಗಾದ ಮಕ್ಕಳ ಕೆಲಸದಲ್ಲಿದ್ದೇನೆ. ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಮಂಡಳಿಯ ಮುಂದೆ ಮೊದಲು ಹಾಜರುಪಡಿಸಿದ 15 ದಿನಗಳೊಳಗೆ ಸಾಮಾಜಿಕ ತನಿಖಾ ವರದಿ ಸಲ್ಲಿಸಬೇಕು. ಪೊಲೀಸರ ವರದಿ ಏನಾಯಿತೆಂದು ಹೇಳುತ್ತದೆ, ನಮ್ಮ ವರದಿ ಆ ಮಗು ಎಲ್ಲಿಂದ ಬಂತೆಂದು ಹೇಳಬೇಕು.

ಪಂಪ್‌ಸೆಟ್ಟಿನ ತಾಮ್ರದ ತಂತಿ ಕದ್ದ ಹುಡುಗನೊಬ್ಬನ ಮನೆಗೆ ಹೋಗಿದ್ದೆ. ತಂದೆ ತೀರಿಕೊಂಡಿದ್ದರು, ತಾಯಿಗೆ ವಿಧವಾ ವೇತನ ಮಂಜೂರಾಗಿರಲಿಲ್ಲ, ಆಧಾರ್‌ನಲ್ಲಿ ಒಂದು ಹೆಸರು ಪಡಿತರ ಚೀಟಿಯಲ್ಲಿ ಇನ್ನೊಂದು. ಹುಡುಗ ಎಂಟನೇ ತರಗತಿಗೆ ಶಾಲೆ ಬಿಟ್ಟಿದ್ದ. ವರದಿಯಲ್ಲಿ ಇದನ್ನೆಲ್ಲ ಬರೆದೆ, ಆದರೆ ವರದಿಯಿಂದ ವೇತನ ಮಂಜೂರಾಗುವುದಿಲ್ಲ. ಯಾವ ಕಚೇರಿಗೆ ಯಾವ ಅರ್ಜಿ, ಯಾವ ಯೋಜನೆಗೆ ಯಾರು ಅರ್ಹರು ಎಂದು ತಿಳಿದಿದ್ದರಿಂದ ಆ ತಾಯಿಯ ಜೊತೆ ನಾಲ್ಕು ಸಲ ಓಡಾಡಿದೆ. ಐದನೇ ತಿಂಗಳಲ್ಲಿ ವೇತನ ಬಂತು. ಆ ತಿಳಿವಳಿಕೆ ನನಗೆ ಬಂದದ್ದು ಸಾಮಾಜಿಕ ನೀತಿಯ ಪತ್ರಿಕೆಯಿಂದ, ಅಪರಾಧದ ಸಿದ್ಧಾಂತದಿಂದಲ್ಲ. ಹಾಗೆಯೇ, ಒಮ್ಮೆ ಕಳ್ಳನೆಂದು ಹೆಸರು ಬಿದ್ದ ಹುಡುಗ ಆ ಹೆಸರಿನೊಳಗೇ ಬೆಳೆಯುತ್ತಾನೆ ಎಂಬುದನ್ನು ಶಾಲೆಯ ಮುಖ್ಯೋಪಾಧ್ಯಾಯರಿಗೆ ವಿವರಿಸಿ ಅವನನ್ನು ಮತ್ತೆ ಸೇರಿಸುವಾಗ ನೆರವಾದದ್ದು ಅಪರಾಧಶಾಸ್ತ್ರ.

ಕೆಲಸದ ವಿಷಯದಲ್ಲಿ ಸುಳ್ಳು ಭರವಸೆ ಕೊಡಲಾರೆ. ಇಂಥ ಹುದ್ದೆಗಳಲ್ಲಿ ಬಹಳಷ್ಟು ಗುತ್ತಿಗೆಯವು, ಸಂಬಳ ಕಡಿಮೆ, ತಡವಾಗಿ ಬಂದದ್ದೂ ಇದೆ. ಕಾಯಂ ಕೆಲಸ ಬೇಕೆಂದರೆ ಸ್ಪರ್ಧಾತ್ಮಕ ಪರೀಕ್ಷೆಗಳನ್ನು ಬರೆಯಲೇಬೇಕು. ಅಧ್ಯಾಪನದ ಆಸೆ ಇದ್ದರೆ ಯು.ಜಿ.ಸಿ.ಯ ನೆಟ್ ಪರೀಕ್ಷೆಯಲ್ಲಿ ಅಪರಾಧಶಾಸ್ತ್ರ, ಸಮಾಜಕಾರ್ಯ ಎರಡೂ ಬೇರೆ ಬೇರೆ ವಿಷಯಗಳಾಗಿವೆ. ಎಂ.ಎ. ಯಾವುದರಲ್ಲಿ ಮಾಡುತ್ತೀರೋ ಆ ದಾರಿ ತೆರೆಯುತ್ತದೆ, ಆದ್ದರಿಂದ ಆಯ್ಕೆಯನ್ನು ಯೋಚಿಸಿ ಮಾಡಿ. ಓದುವಾಗಲೇ ಮೈಸೂರಿನ ಒಡನಾಡಿಯಂಥ ಸಂಸ್ಥೆಗಳಲ್ಲಿ ಮಾನವ ಸಾಗಣೆಗೆ ಸಿಲುಕಿದವರ ಪುನರ್ವಸತಿ ಹೇಗೆ ನಡೆಯುತ್ತದೆಂದು ನೋಡಲು ಅವಕಾಶ ಕೇಳಿ.

ಗ್ಲಾಸ್ಗೋದಲ್ಲಿ ಓದಿದ ಮೈಸೂರಿಗ:

ನಾನು ಸ್ಕಾಟ್ಲೆಂಡಿನಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿ ಮಾಡಿ ಬಂದವನು. ಖರ್ಚು ದೊಡ್ಡದು. ಸಾಲ ಮಾಡಿ ಹೋಗುವುದಾದರೆ ವಾಪಸು ಬಂದ ಮೇಲೆ ಇಲ್ಲಿಯ ಸಂಬಳದಲ್ಲಿ ಅದನ್ನು ತೀರಿಸುವುದು ಕಷ್ಟವೆಂದು ಮೊದಲೇ ತಿಳಿದಿರಲಿ. ವಿದ್ಯಾರ್ಥಿವೇತನ ಸಿಕ್ಕರೆ ಮಾತ್ರ ಹೋಗಿ ಎನ್ನುತ್ತೇನೆ.

ಅಲ್ಲಿ ಕಲಿತದ್ದರಲ್ಲಿ ಎರಡು ಸಂಗತಿಗಳು ಈ ಚರ್ಚೆಗೆ ಬೇಕಾದವು. ಮೊದಲನೆಯದು, 16 ವರ್ಷದೊಳಗಿನ ಮಗು ತಪ್ಪು ಮಾಡಿದರೂ, ಅದರ ಮೇಲೆ ದೌರ್ಜನ್ಯ ನಡೆದಿದ್ದರೂ, ಸ್ಕಾಟ್ಲೆಂಡಿನಲ್ಲಿ ಹೆಚ್ಚಾಗಿ ಒಂದೇ ವ್ಯವಸ್ಥೆಯ ಮುಂದೆ ಬರುತ್ತದೆ. ಕಿಲ್‌ಬ್ರಾಂಡನ್ ಸಮಿತಿ 1964ರಲ್ಲಿ ಹೇಳಿದ್ದು ಇದನ್ನೇ: ಎರಡೂ ಬಗೆಯ ಮಕ್ಕಳ ಅಗತ್ಯಗಳು ಒಂದೇ. 1968ರ ಸಮಾಜಕಾರ್ಯ ಕಾಯ್ದೆಯ ಮೂಲಕ ಬಂದ ಈ ಮಕ್ಕಳ ವಿಚಾರಣಾ ಪದ್ಧತಿ 1971ರಿಂದ ನಡೆಯುತ್ತಿದೆ, ತೀರ್ಮಾನ ಮಾಡುವವರು ನ್ಯಾಯಾಧೀಶರಲ್ಲ, ತರಬೇತಿ ಪಡೆದ ಸಾಮಾನ್ಯ ನಾಗರಿಕರು. ನಮ್ಮ ಕಾಯ್ದೆ ತಪ್ಪು ಮಾಡಿದ ಮಕ್ಕಳಿಗೆ ಬಾಲನ್ಯಾಯ ಮಂಡಳಿ, ರಕ್ಷಣೆ ಬೇಕಾದ ಮಕ್ಕಳಿಗೆ ಮಕ್ಕಳ ಕಲ್ಯಾಣ ಸಮಿತಿ ಎಂದು ಎರಡು ಬಾಗಿಲುಗಳನ್ನು ಮಾಡಿದೆ. ಮೇಲಿನವರು ಹೇಳಿದ ತಂತಿಯ ಹುಡುಗ ಯಾವ ಬಾಗಿಲಿನವನು ಎಂದು ಯೋಚಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಎರಡನೆಯದು, ಗ್ಲಾಸ್ಗೋ ಸುತ್ತಮುತ್ತ ಚೂರಿ ಇರಿತ ಮಿತಿಮೀರಿದಾಗ 2005ರಲ್ಲಿ ಅಲ್ಲಿಯ ಪೊಲೀಸರೇ ಹಿಂಸೆ ತಗ್ಗಿಸುವ ಒಂದು ಘಟಕವನ್ನು ಆರಂಭಿಸಿ, ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಂತೆ ನೋಡಿದರು. ಬಂಧನವೂ ನಡೆಯಿತು, ಜೊತೆಗೆ ಶಾಲೆ, ಆಸ್ಪತ್ರೆ, ಉದ್ಯೋಗ ಇವೆಲ್ಲ ಸೇರಿದವು. ಎ.ಎಸ್.ಐ. ಸಾಹೇಬರ ಅನುಭವದವರು ಅಂಥ ಕೆಲಸದಲ್ಲಿ ಮುಂದೆ ನಿಂತಿದ್ದರು ಎಂಬುದನ್ನು ವಿಶೇಷವಾಗಿ ಹೇಳಬಯಸುತ್ತೇನೆ.

ಇನ್ನೊಂದು ಮಾತು, ಅಂಕಿಅಂಶ ಕಲಿಯಿರಿ. ನಮ್ಮ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸುವ ವಾರ್ಷಿಕ ವರದಿ ಠಾಣೆಯಲ್ಲಿ ದಾಖಲಾದುದನ್ನು ಮಾತ್ರ ಎಣಿಸುತ್ತದೆ. ಒಂದೇ ಎಫ್‌.ಐ.ಆರ್‌.ನಲ್ಲಿ ಹಲವು ಅಪರಾಧಗಳಿದ್ದರೆ ಅತ್ಯಂತ ಗಂಭೀರವಾದ ಒಂದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಬ್ರಿಟನ್ನಿನಲ್ಲಿ 1982ರಿಂದ ಮನೆಮನೆಗೆ ಹೋಗಿ, ನಿಮ್ಮ ಮೇಲೆ ಏನು ನಡೆಯಿತು, ದೂರು ಕೊಟ್ಟಿರಾ ಎಂದು ಕೇಳುವ ಸಮೀಕ್ಷೆಯಿದೆ. ಒಂದು ಜಿಲ್ಲೆಯಲ್ಲಿ ಪ್ರಕರಣಗಳು ಹೆಚ್ಚಾದವೆಂದರೆ ಅಪರಾಧ ಹೆಚ್ಚಿತೋ, ಹೆಂಗಸರು ಠಾಣೆಯ ಮೆಟ್ಟಿಲು ಹತ್ತುವ ಧೈರ್ಯ ಹೆಚ್ಚಿತೋ ಎಂದು ಬೇರ್ಪಡಿಸಿ ನೋಡಲು ಬಾರದಿದ್ದರೆ ಎರಡೂ ಶಾಸ್ತ್ರಗಳು ಕೈಗೆ ಹತ್ತುವುದಿಲ್ಲ.

ನಿವೃತ್ತ ಎ.ಎಸ್.ಐ.:

ನಿನ್ನೆಯಿಂದ ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಿದೆ, ಬರೆದುಬಿಡುತ್ತೇನೆ. ಬೆಳೆ ಕೈಕೊಟ್ಟು, ಕಬ್ಬಿನ ಬಾಕಿ ಬಾರದೆ, ಕೈಸಾಲದವರು ಮನೆ ಬಾಗಿಲಿಗೆ ಬಂದಾಗ ಕೀಟನಾಶಕ ಕುಡಿದ ರೈತರನ್ನು ನಾನು ಆಸ್ಪತ್ರೆಗಳಲ್ಲಿ ಕಂಡಿದ್ದೇನೆ. 2015ರಲ್ಲಿ ನಮ್ಮ ಜಿಲ್ಲೆಯಲ್ಲಿ ಅಂಥ ಸಾವುಗಳು ಎಷ್ಟಾದವೆಂದು ಮಂಡ್ಯದವರಿಗೆ ಹೇಳಬೇಕಾಗಿಲ್ಲ. ಸತ್ತವರದು ಒಂದು ಕಡತ. ಬದುಕಿ ಉಳಿದವರ ಮೇಲೆ ನಾವು ಆತ್ಮಹತ್ಯೆಗೆ ಯತ್ನಿಸಿದ್ದಕ್ಕಾಗಿ ಭಾರತೀಯ ದಂಡ ಸಂಹಿತೆಯ 309ನೇ ಕಲಮಿನಡಿ ಪ್ರಕರಣ ದಾಖಲಿಸುತ್ತಿದ್ದೆವು. ಮೂಗಿನಲ್ಲಿ ನಳಿಕೆ ಇದ್ದ ಒಬ್ಬ ರೈತನ ಹೇಳಿಕೆ ಬರೆದುಕೊಳ್ಳುವಾಗ ಅವನ ಹೆಂಡತಿ, ಇವರಿಗೆ ಜೈಲಾಗುತ್ತದೆಯೇ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಪಾಂಡವಪುರದ ವಕೀಲ:

ಆ ಹೆಣ್ಣುಮಗಳ ಪ್ರಶ್ನೆಗೆ ಕಾನೂನು ತಡವಾಗಿ ಉತ್ತರ ಕೊಟ್ಟಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ವಿಚಾರಣೆಗೆ ಗುರಿಪಡಿಸಬಾರದು ಎಂದಿತು. ಅದೇ ಕಲಮಿನ ಎರಡನೇ ಭಾಗ, ಅಂಥವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವುದು ಸರ್ಕಾರದ ಕರ್ತವ್ಯ ಎಂದಿತು. ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ 309ರ ಅಪರಾಧ ಇಲ್ಲ. ಸರ್ಕಾರಿ ನೌಕರರನ್ನು ಕರ್ತವ್ಯದಿಂದ ತಡೆಯಲು ಅಥವಾ ಒತ್ತಾಯಿಸಲು ಮಾಡುವ ಯತ್ನವನ್ನಷ್ಟೇ ಅಪರಾಧವಾಗಿ ಉಳಿಸಿದ್ದಾರೆ. ಒಂದು ಕೃತ್ಯ ಅಪರಾಧಶಾಸ್ತ್ರದ ಮನೆಯಿಂದ ಸಾಮಾಜಿಕ ನೀತಿಯ ಮನೆಗೆ ದಾಟಿ ಬಂದದ್ದು ಒಂದೇ ಕಲಮಿನಲ್ಲಿ ಕಾಣುತ್ತದೆ. ದಾಟಿದ ಮೇಲೆ ಆ ಕರ್ತವ್ಯ ಮಂಡ್ಯದ ಒಂದು ಹಳ್ಳಿಯಲ್ಲಿ ಎಷ್ಟು ನಡೆದಿದೆ ಎಂಬುದನ್ನು ಯಾರಾದರೂ ಕುಳಿತು ಅಧ್ಯಯನ ಮಾಡಬೇಕಾಗಿದೆ.

ಮದ್ದೂರಿನ ವಿದ್ಯಾರ್ಥಿನಿ:

ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ. ಕೆಲವನ್ನು ಅಪ್ಪನಿಗೂ ಓದಿ ಹೇಳಿದೆ. ಎ.ಎಸ್.ಐ. ಅವರು ಬರೆದದ್ದನ್ನು ಕೇಳಿ ಅಪ್ಪ ಬಹಳ ಹೊತ್ತು ಮಾತನಾಡಲಿಲ್ಲ, ಆಮೇಲೆ ನಮ್ಮ ಪಕ್ಕದೂರಿನ ಒಬ್ಬರ ವಿಷಯ ಹೇಳಿದರು. ಇಷ್ಟು ವರ್ಷ ಅದನ್ನು ನಮ್ಮ ಮುಂದೆ ಹೇಳಿರಲಿಲ್ಲ. ಮೈಸೂರಿನಲ್ಲಿ ಅಪರಾಧಶಾಸ್ತ್ರದ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುತ್ತೇನೆ. ಸಮಾಜಕಾರ್ಯ ವಿಭಾಗದಲ್ಲಿ ಸಾಮಾಜಿಕ ನೀತಿಯ ತರಗತಿಗೆ ಕುಳಿತುಕೊಳ್ಳಲು ಅನುಮತಿ ಕೇಳುತ್ತೇನೆ, ಕೊಡದಿದ್ದರೆ ಆ ಪತ್ರಿಕೆಯ ಪಠ್ಯಕ್ರಮವನ್ನಾದರೂ ತಂದು ಓದಿಕೊಳ್ಳುತ್ತೇನೆ. 115ನೇ ಕಲಮಿನ ಎರಡನೇ ಭಾಗ ನಮ್ಮ ತಾಲ್ಲೂಕಿನಲ್ಲಿ ಹೇಗೆ ನಡೆಯುತ್ತಿದೆ ಎಂಬುದನ್ನೇ ಪ್ರಬಂಧದ ವಿಷಯವಾಗಿ ತೆಗೆದುಕೊಳ್ಳಬಹುದೇ ಎಂದು ಯೋಚಿಸುತ್ತಿದ್ದೇನೆ.

ಒಂದೇ ಪ್ರಶ್ನೆ ಉಳಿದಿದೆ. ಪರೀಕ್ಷೆ ಮುಗಿದ ಮೇಲೆ ಎರಡು ತಿಂಗಳು ಬಿಡುವಿದೆ. ಆ ದಿನಗಳಲ್ಲಿ ನ್ಯಾಯಾಲಯದಲ್ಲಿ ಕುಳಿತು ವಿಚಾರಣೆ ನೋಡಲು ನನ್ನಂಥವಳಿಗೆ ಅವಕಾಶವಿದೆಯೇ?

ಗಂಗೋತ್ರಿಯ ಹಳೆಯ ಮೇಷ್ಟ್ರು:

ಪ್ರಬಂಧದ ವಿಷಯ ಒಳ್ಳೆಯದು, ಆದರೆ ದುಃಖದಲ್ಲಿರುವ ಮನೆಗಳಿಗೆ ಪ್ರಶ್ನಾವಳಿ ಹಿಡಿದು ಹೋಗುವ ಮೊದಲು ಸಂಶೋಧನೆಯ ನೈತಿಕ ನಿಯಮಗಳನ್ನು ಕಲಿಯಿರಿ. ಒಪ್ಪಿಗೆ ಇಲ್ಲದೆ ಒಂದು ಸಾಲನ್ನೂ ಬರೆದುಕೊಳ್ಳಬೇಡಿ. ಮೊದಲು ಆಸ್ಪತ್ರೆ ಮತ್ತು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕಡೆಯಿಂದ ಆರಂಭಿಸಿ, ಮನೆಗಳಿಗೆ ಕೊನೆಯಲ್ಲಿ ಹೋಗಿ.

ಪಾಂಡವಪುರದ ವಕೀಲ:

ನ್ಯಾಯಾಲಯಗಳು ಸಾರ್ವಜನಿಕರಿಗೆ ತೆರೆದಿರುತ್ತವೆ, ಯಾರ ಶಿಫಾರಸೂ ಬೇಕಾಗಿಲ್ಲ. ಅತ್ಯಾಚಾರ ಮತ್ತು ಪೋಕ್ಸೊ ಪ್ರಕರಣಗಳ ವಿಚಾರಣೆ ಮುಚ್ಚಿದ ಬಾಗಿಲಿನೊಳಗೆ ನಡೆಯುತ್ತದೆ, ಬಾಲನ್ಯಾಯ ಮಂಡಳಿಯ ಕಲಾಪವೂ ಸಾರ್ವಜನಿಕರಿಗೆ ತೆರೆದಿರುವುದಿಲ್ಲ, ಅವುಗಳನ್ನು ಬಿಡಿ. ಮಂಡ್ಯದ ಜಿಲ್ಲಾ ನ್ಯಾಯಾಲಯಕ್ಕೆ ಬೆಳಿಗ್ಗೆ ಹನ್ನೊಂದರೊಳಗೆ ಬಂದು, ಮ್ಯಾಜಿಸ್ಟ್ರೇಟರ ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಮೊಬೈಲ್ ಬಂದ್ ಮಾಡಿ, ಬರೆಯಲು ಒಂದು ಪುಸ್ತಕ ತನ್ನಿ. ದೊಡ್ಡ ಕೊಲೆ ಪ್ರಕರಣ ಹುಡುಕಿಕೊಂಡು ಹೋಗಬೇಡಿ, ಜಾಮೀನು ಅರ್ಜಿಗಳನ್ನು ನೋಡಿ. ದೇಶದ ಸೆರೆಮನೆಗಳಲ್ಲಿರುವ ನಾಲ್ಕು ಜನರಲ್ಲಿ ಸುಮಾರು ಮೂವರು ಶಿಕ್ಷೆಯಾಗದ ವಿಚಾರಣಾಧೀನರು. ಜಾಮೀನು ಸಿಕ್ಕಿಯೂ ಭದ್ರತೆ ಕೊಡುವವರಿಲ್ಲದೆ ಒಳಗೇ ಉಳಿಯುವವರು ಯಾರು, ಅದೇ ದಿನ ಮನೆಗೆ ಹೋಗುವವರು ಯಾರು ಎಂದು ಒಂದು ತಿಂಗಳು ಬರೆದಿಡಿ. ಆ ಪುಸ್ತಕವನ್ನು ತರಗತಿಯ ಮೊದಲ ದಿನ ಜೊತೆಗೆ ತೆಗೆದುಕೊಂಡು ಹೋಗಿ.